ಫಿನಿಶಿಂಗ್ ಮೇಸ್ತ್ರಿಯ ಕೋಳಿ ಅರಮನೆ

ಮೊಟ್ಟೆ ಇಡುವುದಕ್ಕೆ ನಮಗೊಂದು ಪೆಟ್ಟಿಗೆ ಮಾಡಿಕೊಡಿ ಎಂದು ಕೋಳಿಗಳೇನೂ ಅರ್ಜಿ ಹಾಕಿರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ನಡೆದ ರಾದ್ಧಾಂತಕ್ಕೆಲ್ಲ ಕೋಳಿಗಳನ್ನೇ ಹೊಣೆ ಮಾಡಲು ಮೇಸ್ತ್ರಿ ಬಹಳ ಪ್ರಯತ್ನಪಟ್ಟ. ಪೆಟ್ಟಿಗೆಯ ಯೋಚನೆ ಪೂರ್ತಿಯಾಗಿ ಅವನದೇ.

ಮೇಸ್ತ್ರಿ ಎಂದರೆ ಮರಗೆಲಸದ ಮೇಸ್ತ್ರಿ. ಗಿರಾಕಿಗಳೆಲ್ಲ ಅವನನ್ನು ಫಿನಿಶಿಂಗ್ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅವನು ಮಾಡಿದ ಮೇಜಿನ ಮೇಲೆ ಅಂಗೈ ಆಡಿಸಿದರೆ ಮರ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ ಎಂಬುದು ಪ್ರತೀತಿ. (ಈ ಪ್ರತೀತಿಯನ್ನು ಹಬ್ಬಿಸಿದವನೂ ಅವನೇ. ಆದರೆ ಸುಳ್ಳಲ್ಲ.) ಹೆಂಡತಿಯೂ ಅವನನ್ನು ಆಗಾಗ ಫಿನಿಶಿಂಗ್ ಎಂದೇ ಕರೆಯುತ್ತಿದ್ದಳು, ಕಾರಣ ಮಾತ್ರ ಬೇರೆ. ಪರರ ಮನೆಯ ಕುರ್ಚಿಯ ಅಡಿಭಾಗವನ್ನೂ ಬಿಡದೆ ಉಪ್ಪು ಕಾಗದದಲ್ಲಿ ಉಜ್ಜುವ ಈ ಮಹಾನುಭಾವನ ಸ್ವಂತ ಮನೆಯಲ್ಲಿ ಕಿಟಕಿಗೆ ಹಿಡಿ ಇರಲಿಲ್ಲ, ಮಂಚದ ಒಂದು ಕಾಲಿಗೆ ಹಳೆಯ ಟೆಲಿಫೋನ್ ಡೈರೆಕ್ಟರಿಯೇ ಆಸರೆಯಾಗಿತ್ತು, ಅಡುಗೆಮನೆಯಲ್ಲಿ ಒಲೆಕಟ್ಟೆಯ ಕೆಳಗಿನ ಕಪಾಟಿಗೆ ಬಾಗಿಲೇ ಇರಲಿಲ್ಲ.

ಆ ಕಪಾಟು ಅವರ ಮದುವೆಯ ವರ್ಷದ್ದು. ಹೊಸ ಹೆಂಡತಿಯ ಮೇಲಿನ ಪ್ರೀತಿ ಉಕ್ಕಿ ಹರಿಯುತ್ತಿದ್ದಾಗ ಮೇಸ್ತ್ರಿ ಅದನ್ನು ಶುರುಮಾಡಿದ್ದ. ಪ್ರೀತಿಯೇನೂ ಬತ್ತಲಿಲ್ಲ, ಆದರೆ ಗಿರಾಕಿಗಳು ಹೆಚ್ಚಿದರು. ಹೆಂಡತಿ ಕಾದಳು, ಕೇಳಿದಳು, ಜಗಳವಾಡಿದಳು, ಕೊನೆಗೆ ಒಂದು ಹಳೆಯ ಪರದೆಯನ್ನು ದಾರಕ್ಕೆ ಪೋಣಿಸಿ ಬಾಗಿಲಿನ ಜಾಗದಲ್ಲಿ ಇಳಿಬಿಟ್ಟಳು.

"ಬಾಗಿಲು ಯಾವಾಗ್ರೀ?" ಎಂದು ಈಗಲೂ ತಿಂಗಳಿಗೊಮ್ಮೆಯಾದರೂ ಕೇಳುತ್ತಿದ್ದಳು.

"ಎಲ್ಲ ಆಗಿದೆ ಕಣೇ. ಫಿನಿಶಿಂಗ್ ಒಂದು ಬಾಕಿ."

"ಆ ಫಿನಿಶಿಂಗ್‌ಗೆ ಎಕ್ಸ್‌ಪೈರಿ ಡೇಟ್ ಅಂತ ಏನಾದ್ರೂ ಇದೆಯಾ?"

ಅವಳು ಮಧ್ಯಾಹ್ನದ ಮೇಲೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಡಾಕ್ಟರುಗಳ ಕೈಬರಹವನ್ನೇ ಓದಿ ಅರ್ಥಮಾಡಿಕೊಳ್ಳುವವಳಿಗೆ ಗಂಡನ ಮುಖ ಓದುವುದು ಕಷ್ಟವೇ ಆಗಿರಲಿಲ್ಲ. ಇದನ್ನು ಮೇಸ್ತ್ರಿ ನೆನಪಿಟ್ಟುಕೊಂಡಿದ್ದರೆ ಮುಂದಿನ ಅವಮಾನ ತಪ್ಪುತ್ತಿತ್ತು.

ಕೋಳಿಗಳು ಬಂದದ್ದು ಹೀಗೆ. ಮೇಸ್ತ್ರಿಯ ಹಳೆಯ ಗಿರಾಕಿಯೊಬ್ಬರು, ಶಾಲೆಯ ಟೀಚರು, ವರ್ಗವಾಗಿ ದೂರದ ಊರಿಗೆ ಹೊರಟರು. ಮೂರನೇ ಮಹಡಿಯ ಮನೆಗೆ ಕೋಳಿಗಳನ್ನು ಒಯ್ಯುವ ಹಾಗಿರಲಿಲ್ಲ. "ನೀವಾದ್ರೆ ಇವಕ್ಕೆ ಚೆನ್ನಾಗಿ ಮನೆ ಕಟ್ಟಿಕೊಡ್ತೀರಿ ಮೇಸ್ತ್ರಿ" ಎಂದು ಅವರು ಕಣ್ಣು ಒರೆಸಿಕೊಂಡಾಗ ಮೇಸ್ತ್ರಿ ಕರಗಿಹೋದ. ನಾಲ್ಕು ಹೇಂಟೆಗಳು ಹಿತ್ತಿಲಿಗೆ ಬಂದವು. ಎಲ್ಲಕ್ಕಿಂತ ದಪ್ಪಗಿದ್ದು, ಎಲ್ಲರಿಗಿಂತ ಮೊದಲು ಕಾಳಿಗೆ ಬಾಯಿ ಹಾಕುವುದು ದೊಡ್ಡಮ್ಮ. ಬಕೆಟ್ಟು, ಕೊಳಾಯಿ, ಮೇಸ್ತ್ರಿಯ ಕಾಲ್ಬೆರಳು ಎಲ್ಲವನ್ನೂ ಒಂದೊಂದಾಗಿ ತಪಾಸಣೆ ಮಾಡುವುದು ಇನ್‌ಸ್ಪೆಕ್ಟರ್. ಮೂರನೆಯದು ಗೊಣಗಿ, ನಾಲ್ಕನೆಯದು ಪುಕ್ಕಲಿ. ಬಂದ ವಾರದೊಳಗೆ ಇನ್‌ಸ್ಪೆಕ್ಟರ್ ಮೇಸ್ತ್ರಿಯ ಹಿಂದೆಯೇ ಮನೆ ಪಕ್ಕದ ಅವನ ಕಾರ್ಖಾನೆಗೆ ಬಂದು, ಅವನು ಮರ ಕೀಸುವಾಗ ಹೊಟ್ಟಿನ ಗುಡ್ಡೆಯ ಮೇಲೆ ನಿಂತು ತಲೆ ಓರೆ ಮಾಡಿ ನೋಡತೊಡಗಿತು. ತನ್ನ ಕೆಲಸವನ್ನು ಅಷ್ಟು ಗಮನವಿಟ್ಟು ನೋಡಿದವರು ಅದಕ್ಕಿಂತ ಮುಂಚೆ ಯಾರೂ ಇರಲಿಲ್ಲವಾಗಿ, ಮೇಸ್ತ್ರಿ ಆ ಕೋಳಿಗೆ ಸೋತುಹೋದ.

ಆದರೆ ಮೊಟ್ಟೆಯ ವಿಷಯದಲ್ಲಿ ನಾಲ್ಕಕ್ಕೂ ಶಿಸ್ತಿರಲಿಲ್ಲ. ಮೇಸ್ತ್ರಿ ಅಳತೆ ಟೇಪಿಗೆ ಕೈ ಹಾಕಿದರೆ ಮೊಟ್ಟೆ ಸಿಗುತ್ತಿತ್ತು. ಹೆಲ್ಮೆಟ್ಟಿನಲ್ಲಿ ಒಂದು ಸಿಕ್ಕಿತು (ಅದು ಸಿಕ್ಕಿದ್ದು ತಲೆಗೆ ಹಾಕಿಕೊಂಡ ಮೇಲೆ). ಒಂದು ದಿನ ಹೆಂಡತಿ ಅಂಗಡಿಗೆ ಹೊರಡುವ ಅವಸರದಲ್ಲಿ ಬಾಗಿಲ ಬಳಿಯ ಶೂಗೆ ಕಾಲು ತೂರಿಸಿದಳು. ಒಳಗೆ ಏನೋ ಬೆಚ್ಚಗೆ ಪಿಚಕ್ಕೆಂದಿತು.

ಅವಳು ಕೂಗಾಡಲಿಲ್ಲ. ಒಂದು ಕಾಲಲ್ಲಿ ಕುಂಟುತ್ತ ಹೋಗಿ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಎಂದರೆ ಅವಳ ಸ್ವಂತ ಅಕ್ಕ. ಊರಾಚೆ ದೊಡ್ಡ ಹಿತ್ತಿಲು, ಒಂದು ಹಿಂಡು ಕೋಳಿ, ಒಂದು ಹುಂಜ, ಒಬ್ಬ ಗಂಡ ಎಲ್ಲವನ್ನೂ ಒಂದೇ ಗದರಿನಲ್ಲಿ ಹದ್ದುಬಸ್ತಿನಲ್ಲಿ ಇಟ್ಟುಕೊಂಡವಳು.

"ಭಾನುವಾರ ಪಂಜರ ತಗೊಂಡು ಬರ್ತೀನಿ" ಎಂದಳು ಅಕ್ಕ. "ಪೆಟ್ಟಿಗೇಲಿ ಮೊಟ್ಟೆ ಇಡೋದು ಕಲಿತಿದ್ರೆ ನಿಮ್ಮ ಹತ್ರಾನೇ ಇರಲಿ. ಇಲ್ದಿದ್ರೆ ನಾಲ್ಕೂ ನನ್ನ ಕಾರಲ್ಲಿ."

ಮೇಸ್ತ್ರಿ ಫೋನಿನ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಇನ್‌ಸ್ಪೆಕ್ಟರ್ ಇಲ್ಲದ ಕಾರ್ಖಾನೆಯನ್ನು ನೆನೆಸಿಕೊಂಡು ಅವನಿಗೆ ನಿಜವಾಗಿಯೂ ಸಂಕಟವಾಯಿತು. ಆದರೆ ಮರುಕ್ಷಣವೇ ಅವನ ಕಣ್ಣಲ್ಲಿ ಹೊಳಪು ಬಂತು. ಪೆಟ್ಟಿಗೆ! ಪೆಟ್ಟಿಗೆ ಮಾಡುವುದರಲ್ಲಿ ತನ್ನನ್ನು ಮೀರಿಸುವವರು ಯಾರಿದ್ದಾರೆ?

ಆ ರಾತ್ರಿಯೇ ಅವನು ತೇಗದ ಹಲಗೆ ತೆಗೆದ. ಸಿರಿವಂತರ ಮನೆಯ ಡೈನಿಂಗ್ ಟೇಬಲ್ಲಿಗೆಂದು ಎತ್ತಿಟ್ಟಿದ್ದ ಹಲಗೆ. ಅದರಲ್ಲಿ ಮೂಡಿಬಂದದ್ದನ್ನು ಪೆಟ್ಟಿಗೆ ಎನ್ನುವುದು ಅಪಚಾರ. ನಾಲ್ಕು ಕೋಣೆಗಳ ಆ ಭವ್ಯ ಸೌಧಕ್ಕೆ ಇಳಿಜಾರು ಮಾಡು, ಹಿತ್ತಾಳೆಯ ಹಿಡಿಗಳು, ಅಂಚಿಗೆಲ್ಲ ಬಳ್ಳಿಯ ಕೆತ್ತನೆ, ಮೇಲೆ ಮುಖ ಕಾಣುವಂಥ ಪಾಲಿಶ್. ದಾರಿಯಲ್ಲಿ ಹೋಗುವವರ ಕಣ್ಣಿಗೂ ಬೀಳಲಿ ಎಂದು ಅದನ್ನು ಹಿತ್ತಿಲಲ್ಲಿ ಗೇಟಿನ ಕಡೆಗೇ ಮುಖಮಾಡಿ, ಎದೆಯೆತ್ತರದ ಕಾಲುಗಳ ಮೇಲೆ ನಿಲ್ಲಿಸಿದ.

"ಇಷ್ಟು ಎತ್ತರ ಯಾಕ್ರೀ?" ಎಂದಳು ಹೆಂಡತಿ.

"ಶೋ ಬೇಡ್ವೇನೇ?"

"ಗೇಟಿಗೆ ಎದುರಾಗಿ ಕೂತ್ಕೊಂಡು, ಹೋಗಿ ಬರೋರನ್ನೆಲ್ಲ ಮಾತಾಡಿಸ್ತಾ ಯಾರು ಮೊಟ್ಟೆ ಇಡ್ತಾರ್ರೀ?"

"ನಿನಗೆ ಡಿಸೈನ್ ಅರ್ಥ ಆಗಲ್ಲ ಬಿಡು."

"ಹೌದು, ನನಗೆಲ್ಲಿ ಅರ್ಥ ಆಗುತ್ತೆ? ನಾನು ಪರದೆ ಕಪಾಟಿನೋಳು" ಎಂದು ಅವಳು ಒಳಗೆ ಹೋದಳು.

ಕೋಳಿಗಳಿಗೂ ಡಿಸೈನ್ ಅರ್ಥವಾಗಲಿಲ್ಲ. ದೊಡ್ಡಮ್ಮ ಪಾಲಿಶಿನ ವಾಸನೆಗೆ ಕುತ್ತಿಗೆ ಹಿಂದೆಳೆದುಕೊಂಡು ನಡೆದುಬಿಟ್ಟಿತು. ಇನ್‌ಸ್ಪೆಕ್ಟರ್ ಮಾತ್ರ ಸ್ನೇಹದ ಮುಲಾಜಿಗೆ ಒಂದು ಕೋಣೆಗೆ ಹಾರಿ, ನುಣುಪು ಹಲಗೆಯ ಮೇಲೆ ಕಾಲು ಜಾರಿ, ಮುಗ್ಗರಿಸಿ, ಮರ್ಯಾದೆ ಕಳೆದುಕೊಂಡು ಇಳಿಯಿತು. ಮೇಸ್ತ್ರಿ ನೆಲಕ್ಕೆಲ್ಲ ಮರದ ಹೊಟ್ಟು ಹಾಸಿದ. ಆಮೇಲೆ, ತೋರಿಸಿಕೊಡದೆ ಯಾರಿಗೂ ಏನೂ ಬರುವುದಿಲ್ಲ ಎಂದು, ಸ್ಟೂಲಿನ ಮೇಲೆ ಮಂಡಿಯೂರಿ ತಲೆಯನ್ನೂ ಹೆಗಲನ್ನೂ ಕೋಣೆಯೊಳಗೆ ತೂರಿಸಿ, "ನೋಡಿ, ಹೀಗೆ. ಒಳಗೆ ಬರೋದು. ತಿರುಗೋದು. ಕೂರೋದು. ಕೊಕ್ ಕೊಕ್" ಎಂದು ಪಾಠ ಶುರುಮಾಡಿದ.

"ಮೇಸ್ತ್ರಿ, ನನ್ನ ಬೀರು ಆಯ್ತಾ?" ಎಂದು ಗೇಟಿನ ಹತ್ತಿರದಿಂದ ಗಿರಾಕಿಯ ದನಿ ಬಂತು.

ಮೇಸ್ತ್ರಿ ತಲೆ ಹೊರಗೆ ತೆಗೆಯಲು ಹೋದ. ಹೆಗಲು ಸಿಕ್ಕಿಕೊಂಡಿತ್ತು. ಬೀರುವಿನ ವಿಷಯವನ್ನೆಲ್ಲ ಅವನು ಒಳಗಿನಿಂದಲೇ ಮಾತಾಡಿ ಮುಗಿಸಬೇಕಾಯಿತು.

ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಆನಂದಬಾಷ್ಪ ಬರುವುದೊಂದೇ ಬಾಕಿ. ನಾಲ್ಕು ಕೋಣೆಗಳಲ್ಲಿ ನಾಲ್ಕು ಕೋಳಿಗಳು! "ಬಾರೇ ಇಲ್ಲಿ! ನೋಡೇ!" ಎಂದು ಹೆಂಡತಿಯನ್ನು ಕೂಗಿದ. ಕೋಳಿಗಳು ಆಕಳಿಸಿದಂತೆ ರೆಕ್ಕೆ ಚಾಚಿ ಕೆಳಗಿಳಿದವು. ಇಬ್ಬರೂ ಬಗ್ಗಿ ನೋಡಿದರು. ಮೊಟ್ಟೆಯೊಂದನ್ನು ಬಿಟ್ಟು ಬೇರೆಲ್ಲವನ್ನೂ ಅವು ಅಲ್ಲಿ ಧಾರಾಳವಾಗಿ ಇಟ್ಟಿದ್ದವು.

"ರಾತ್ರಿ ಮಲಗೋಕೆ ಬಂದಿದ್ದಾವೆ" ಎಂದಳು ಹೆಂಡತಿ, ಮೂಗು ಮುಚ್ಚಿಕೊಂಡು. "ಕೋಳಿ ಮಲಗೋದು ಇರೋದ್ರಲ್ಲೇ ಎತ್ತರದ ಜಾಗದಲ್ಲಿ. ನೀವು ಅವು ಮಲಗೋ ಅಡ್ಡಕೋಲನ್ನ ಮೊಣಕಾಲೆತ್ತರಕ್ಕೆ ಹಾಕಿ, ಪೆಟ್ಟಿಗೇನ ಎದೆಯೆತ್ತರಕ್ಕೆ ಇಟ್ಟಿದ್ದೀರಿ. ಹಾಸಿಗೆ ಕೆಳಗಾಯ್ತು, ಹೆರಿಗೆಮನೆ ಮೇಲಾಯ್ತು."

"ನಾಳೆ ಸರಿಹೋಗುತ್ತೆ."

"ಯಾವುದು, ಫಿನಿಶಿಂಗಾ?"

ನಾಳೆಯೂ ಸರಿಹೋಗಲಿಲ್ಲ. ಬೆಳಗಾದರೆ ಬಳ್ಳಿಯ ಕೆತ್ತನೆಯ ಸಂದಿಯಿಂದ ಹಿಕ್ಕೆ ಕೆರೆಯುವುದೇ ಮೇಸ್ತ್ರಿಗೆ ಕೆಲಸವಾಯಿತು. ಆದರೂ ಅರಮನೆಯ ಕಾಲು ಕತ್ತರಿಸಲು ಅವನ ಕೈ ಬರಲಿಲ್ಲ. ಅದರ ಬದಲು ಲೇತಿನಲ್ಲಿ ನಾಲ್ಕು ಮರದ ಮೊಟ್ಟೆಗಳನ್ನು ಕಡೆದ. ಗೂಡಿನಲ್ಲಿ ಮೊದಲೇ ಒಂದು ಮೊಟ್ಟೆ ಕಂಡರೆ ಇದೇ ಸರಿಯಾದ ಜಾಗ ಎಂದು ಕೋಳಿಗೆ ಧೈರ್ಯ ಬರುತ್ತದೆಂದು ಯಾರೋ ಹೇಳಿದ್ದರು. ಬೇರೆಯವರಾಗಿದ್ದರೆ ಯಾವುದಾದರೂ ಗುಂಡು ಕಲ್ಲನ್ನು ಇಟ್ಟು ಕೈತೊಳೆದುಕೊಳ್ಳುತ್ತಿದ್ದರು. ಮೇಸ್ತ್ರಿ ಉಜ್ಜಿದ, ಬಣ್ಣ ಬಳಿದ, ಮತ್ತೆ ಉಜ್ಜಿದ, ಚಿಪ್ಪಿನ ಮೇಲಿರುವ ಸಣ್ಣ ಚುಕ್ಕೆಗಳನ್ನೂ ಕುಂಚದ ತುದಿಯಿಂದ ಮೂಡಿಸಿದ. ಒಂದು ಮೊಟ್ಟೆಯನ್ನು ಹೆಂಡತಿಯ ಕೈಯಲ್ಲಿಟ್ಟಾಗ ಅವಳು ಬೆರಗಾಗಿ ತಿರುಗಿಸಿ ತಿರುಗಿಸಿ ನೋಡಿದಳು.

"ಎಷ್ಟು ಚೆನ್ನಾಗಿದೆ ರೀ" ಎಂದಳು. ಅವಳಿಂದ ಅಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತೋ, ಮೇಸ್ತ್ರಿ ಅರ್ಧ ಅಡಿ ಎತ್ತರವಾದ.

ಕೋಳಿಗಳು ಮರದ ಮೊಟ್ಟೆಗಳ ಪಕ್ಕದಲ್ಲಿ ಒಂದು ರಾತ್ರಿ ಸುಖವಾಗಿ ನಿದ್ದೆ ಮಾಡಿದವು. ಅಷ್ಟೇ. ಈಗ ಹೆಲ್ಮೆಟ್ಟಿನಲ್ಲೂ ಮೊಟ್ಟೆಯಿಲ್ಲ, ಶೂನಲ್ಲೂ ಇಲ್ಲ. ತನ್ನ ಪಾಠ ಕೇಳಿ ಹೆದರಿ ಮೊಟ್ಟೆ ಇಡುವುದನ್ನೇ ನಿಲ್ಲಿಸಿಬಿಟ್ಟವೋ ಎಂದು ಮೇಸ್ತ್ರಿಗೆ ಊಟ ರುಚಿಸದಾಯಿತು. ಆಶ್ಚರ್ಯವೆಂದರೆ ತಟ್ಟೆಯಲ್ಲಿ ಮಾತ್ರ ದಿನಾ ಬೇಯಿಸಿದ ಮೊಟ್ಟೆ ಇರುತ್ತಿತ್ತು.

"ಎಲ್ಲಿಂದ ಬಂತು?"

"ಅಂಗಡೀದು" ಎಂದಳು ಹೆಂಡತಿ, ಬೇರೆಲ್ಲೋ ನೋಡುತ್ತ.

ಮೇಸ್ತ್ರಿ ಒಂದು ತುಂಡು ಬಾಯಿಗಿಟ್ಟು ಮುಖ ಕಿವುಚಿದ. "ಅಂಗಡಿ ಮೊಟ್ಟೆ ಅಂಗಡಿ ಮೊಟ್ಟೇನೇ ಕಣೇ. ಒಂದು ಚೂರಾದ್ರೂ ರುಚಿ ಇದೆಯಾ? ನಮ್ಮ ದೊಡ್ಡಮ್ಮನ ಮೊಟ್ಟೆ ತಿಂದ ನಾಲಿಗೆಗೆ ಇದೆಲ್ಲ ಹಿಡಿಸಲ್ಲ."

ಹೆಂಡತಿಗೆ ಆಗ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದಳು.

ಶನಿವಾರ ಸಂಜೆ ಇನ್ನೊಂದು ಆಘಾತ. ನಾಲ್ಕು ಮರದ ಮೊಟ್ಟೆಗಳಲ್ಲಿ ಒಂದು ಮಾಯ. ಬೆಕ್ಕು ಕದ್ದಿರಬೇಕು, ಹಲ್ಲು ಮುರಿದುಕೊಂಡಿರಲಿ ಎಂದು ಮೇಸ್ತ್ರಿ ಶಾಪ ಹಾಕಿದ. ಉಳಿದ ಮೂರನ್ನು ನೋಡುತ್ತ ನಿಂತಾಗ ಅವನ ತಲೆಗೆ ಒಂದು ಕೆಟ್ಟ ಯೋಚನೆ ಬಂತು. ಅಕ್ಕ ಗೇಟಿನ ಹತ್ತಿರ ನಿಂತು ದೂರದಿಂದ ನೋಡಿದರೆ ಇವು ಸಾಕ್ಷಾತ್ ಮೊಟ್ಟೆಗಳೇ. ಮೋಸ ಹೌದು. ಆದರೆ ಇನ್‌ಸ್ಪೆಕ್ಟರ್ ಅವನ ಕಾಲ ಬಳಿ ನಿಂತು ಶೂ ಲೇಸನ್ನು ಎಳೆದು ಪರೀಕ್ಷಿಸುತ್ತಿತ್ತು. ಅದನ್ನು ಪಂಜರದಲ್ಲಿ ನೋಡುವುದಕ್ಕಿಂತ ಒಂದು ಸಣ್ಣ ಸುಳ್ಳು ಹೇಳುವುದೇ ಮೇಲು ಎಂದು ಅವನು ನಿರ್ಧರಿಸಿದ.

ಭಾನುವಾರ ಅಕ್ಕ ಬಂದಳು. ಕಾರಿನಿಂದ ಮೊದಲು ಪಂಜರ ಇಳಿಯಿತು, ಆಮೇಲೆ ಅಕ್ಕ.

"ಬನ್ನಿ ಅಕ್ಕಾ, ಇಲ್ಲಿಂದಲೇ ನೋಡಿ" ಎಂದು ಮೇಸ್ತ್ರಿ ಗೇಟಿನಲ್ಲೇ ಅಡ್ಡ ನಿಂತು ಕೈ ಚಾಚಿದ. "ಒಂದು, ಎರಡು, ಮೂರು. ಪೆಟ್ಟಿಗೇಲೇ ಇಟ್ಟಿದ್ದಾವೆ. ಹತ್ತಿರ ಹೋಗ್ಬೇಡಿ, ಕೋಳಿಗಳು ಗಾಬರಿ ಆಗ್ತಾವೆ."

"ಕೋಳಿಗಳೆಲ್ಲಿದ್ದಾವೆ ಇಲ್ಲಿ?"

ಮೇಸ್ತ್ರಿ ಹಿತ್ತಿಲನ್ನು ನೋಡಿದ. ನಿಜವಾಗಿಯೂ ಒಂದೂ ಕಾಣಲಿಲ್ಲ. ಅವನು ಉತ್ತರ ಹುಡುಕುವಷ್ಟರಲ್ಲಿ ಅಕ್ಕ ಅವನ ಕಂಕುಳ ಕೆಳಗಿನಿಂದ ದಾಟಿ ಮೂರೂ ಮೊಟ್ಟೆಗಳನ್ನು ಕೈಗೆ ತೆಗೆದುಕೊಂಡಾಗಿತ್ತು.

"ಅಬ್ಬಾ, ಏನು ತೂಕ ಇದು! ಒಳ್ಳೇ ಮೇವು ಹಾಕ್ತಿದ್ದೀರಿ. ಪರವಾಗಿಲ್ಲ ರೀ, ನಾನು ನಿಮ್ಮನ್ನ ಕಡಿಮೆ ಅಂದ್ಕೊಂಡಿದ್ದೆ. ನಡೀರಿ, ಇದರಲ್ಲೇ ಒಂದು ಆಮ್ಲೆಟ್ ಮಾಡ್ತೀನಿ, ಎಲ್ಲರೂ ತಿನ್ನೋಣ."

"ಅಕ್ಕಾ, ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಟೀ..."

"ಟೀ ಆಮೇಲೆ."

ಅಡುಗೆಮನೆಯಲ್ಲಿ ಹೆಂಡತಿ ಒಲೆಕಟ್ಟೆಯ ಮುಂದೆ ನಿಂತಿದ್ದಳು. ಅಕ್ಕನ ಕೈಯಲ್ಲಿದ್ದ ಮೊಟ್ಟೆಗಳನ್ನು ನೋಡಿದಳು, ಗಂಡನ ಮುಖವನ್ನು ಓದಿದಳು, ಏನೋ ಹೇಳಲು ಹೋಗಿ ತುಟಿ ಬಿಗಿದುಕೊಂಡು ಸುಮ್ಮನಾದಳು. ಮೇಸ್ತ್ರಿ ಅವಳಿಗೆ ಕಣ್ಣಲ್ಲೇ ಕೈಮುಗಿದ. ಅವಳು ನೋಡದವಳಂತೆ ಅಕ್ಕನ ಮುಂದೆ ಒಂದು ಪಿಂಗಾಣಿ ಬಟ್ಟಲನ್ನು ಇಟ್ಟಳು.

ಅಕ್ಕ ಬಟ್ಟಲಿನ ಅಂಚಿಗೆ ಮೊಟ್ಟೆ ತಟ್ಟಿದಳು. ಟಕ್.

"ಚಿಪ್ಪು ಗಟ್ಟಿ ಇದೆ" ಎಂದು ಮೆಚ್ಚಿಕೊಂಡಳು. ಮತ್ತೆ ತಟ್ಟಿದಳು. ಟಕ್! "ಸುಣ್ಣ ಏನಾದ್ರೂ ಜಾಸ್ತಿ ತಿನ್ನಿಸ್ತಿದ್ದೀರಾ?" ಎಂದು ಕೇಳಿ, ತೋಳು ಮೇಲೇರಿಸಿಕೊಂಡು, ತನ್ನ ಗಂಡ ನೆನಪಾದನೋ ಎಂಬಂತೆ ಮೂರನೇ ಏಟು ಕೊಟ್ಟಳು. ಬಟ್ಟಲು ಎರಡು ಹೋಳಾಯಿತು. ಮೊಟ್ಟೆ ಮಾತ್ರ ಒಂದು ಗೀರೂ ಇಲ್ಲದೆ ಅವಳ ಕೈಯಿಂದ ಜಾರಿ, ನೆಲಕ್ಕೆ ಬಿದ್ದು, ಟಕಟಕನೆ ಎರಡು ಸಲ ಪುಟಿದು, ಉರುಳುತ್ತ ಒಲೆಕಟ್ಟೆಯ ಕೆಳಗೆ ಹೋಗಿ ಕಪಾಟಿನ ಪರದೆಯ ಮುಂದೆ ನಿಂತಿತು.

ಪರದೆ ಮೆಲ್ಲಗೆ ಅಲುಗಿತು. ಕೆಳಗಿನಿಂದ ಒಂದು ಕೊಕ್ಕು ಹೊರಬಂತು. ಆ ಕೊಕ್ಕು ಮರದ ಮೊಟ್ಟೆಯ ಆಚೆ ಬದಿಗೆ ಚಾಚಿಕೊಂಡು, ಅದನ್ನು ಜೋಪಾನವಾಗಿ ಒಳಕ್ಕೆ ಎಳೆದುಕೊಂಡು, ಮಾಯವಾಯಿತು.

ಅಕ್ಕ ಹೋಗಿ ಪರದೆ ಸರಿಸಿದಳು. ಒಳಗೆ ಮೂಲೆಯಲ್ಲಿ ದೊಡ್ಡಮ್ಮ ಮೈಯೆಲ್ಲ ಉಬ್ಬಿಸಿಕೊಂಡು ಕಾವಿಗೆ ಕೂತಿತ್ತು. ಕಪಾಟಿನಲ್ಲಿ ಇನ್ನೂ ಬೇಕಾದಷ್ಟು ಜಾಗವಿದ್ದರೂ ಗೊಣಗಿ ಅದರ ಬೆನ್ನ ಮೇಲೆಯೇ ಹತ್ತಿ ಕೂತು, ಅದೇ ಮೂಲೆ ತನಗೂ ಬೇಕೆಂದು ಗೊಣಗುತ್ತಿತ್ತು. ಇನ್‌ಸ್ಪೆಕ್ಟರ್ ಮತ್ತು ಪುಕ್ಕಲಿ ಪಾತ್ರೆಗಳ ನಡುವೆ ತಮ್ಮ ಸರದಿಗೆ ಕಾಯುತ್ತಿದ್ದವು. ದೊಡ್ಡಮ್ಮನ ಹೊಟ್ಟೆಯ ಕೆಳಗಿನಿಂದ, ಬೆಕ್ಕು ಕದ್ದಿದ್ದ ನಾಲ್ಕನೆಯ ಮರದ ಮೊಟ್ಟೆ ಇಣುಕುತ್ತಿತ್ತು.

ಮೇಸ್ತ್ರಿ ಇಂಗು ತಿಂದ ಮಂಗನಂತೆ ನಿಂತ. "ಎಷ್ಟು ದಿನದಿಂದ ಇದು?"

"ನೀವು ಕೊಕ್ ಕೊಕ್ ಅಂತ ಪಾಠ ಮಾಡಿದ ಮಾರನೇ ದಿನದಿಂದ" ಎಂದಳು ಹೆಂಡತಿ. ಇಷ್ಟು ದಿನ ತಡೆದಿದ್ದ ನಗು ಈಗ ಅವಳನ್ನು ಮಾತಾಡಲು ಬಿಡುತ್ತಿರಲಿಲ್ಲ. "ಹಿಂದಿನ ಬಾಗಿಲಿಂದ ಬಂದ್ವು. ತಗ್ಗು ಜಾಗ, ಕತ್ತಲೆ, ಮುಂದೊಂದು ಪರದೆ, ಪಾಲಿಶ್ ವಾಸನೆ ಇಲ್ಲ. ನೀವು ಫಿನಿಶಿಂಗ್ ಮಾಡದೇ ಬಿಟ್ಟಿದ್ದೊಂದೇ ಅವಕ್ಕೆ ಇಷ್ಟ ಆಯ್ತು. ಮೊಟ್ಟೆ ಎಲ್ಲ ತೆಗೆದುಬಿಟ್ರೆ ಬೇಜಾರು ಮಾಡ್ಕೋತಿದ್ವು, ಅದಕ್ಕೆ ನಿಮ್ಮ ಮೊಟ್ಟೆ ಒಂದನ್ನ ತಂದಿಟ್ಟೆ. ಅದನ್ನ ಬಿಟ್ಟು ದೊಡ್ಡಮ್ಮ ಏಳ್ತಾನೇ ಇಲ್ಲ."

"ಹಾಗಾದ್ರೆ ಆ ಅಂಗಡಿ ಮೊಟ್ಟೆ?"

"ದೊಡ್ಡಮ್ಮಂದೇ. ರುಚಿ ಇಲ್ಲ ಅಂದ್ರಲ್ಲ, ಪಾಪ, ಅವಳಿಗೂ ಕೇಳಿಸ್ತು."

ಅಕ್ಕ ಒಡೆದ ಬಟ್ಟಲಿನ ಹೋಳು ಕೈಯಲ್ಲಿ ಹಿಡಿದೇ ಗೋಡೆಗೆ ಒರಗಿ ನಕ್ಕಳು. ಮೇಸ್ತ್ರಿಗೆ ನಗು ಬರಲಿಲ್ಲ.

"ನನಗೆ ಒಂದು ಮಾತು ಹೇಳಬಾರದಿತ್ತೇನೇ?"

ಹೆಂಡತಿಯ ನಗು ನಿಂತಿತು. ಪರದೆಯನ್ನು ಮೊದಲಿನಂತೆ ಇಳಿಬಿಡುತ್ತ ಹೇಳಿದಳು: "ಹೇಳಿದ್ರೆ ಏನು ಮಾಡ್ತಿದ್ರಿ? ಕೋಳಿಗಳು ಅರಮನೆಗೆ ಹೋಗಲಿ ಅಂತ ಅವತ್ತೇ ಕಪಾಟಿಗೆ ಬಾಗಿಲು ಹಾಕಿಬಿಡ್ತಿದ್ರಿ. ಇಷ್ಟು ವರ್ಷ ನಾನು ಕೇಳಿದಾಗ ಹಾಕಲಿಲ್ಲ. ನನಗೋಸ್ಕರ ಆಗದ ಬಾಗಿಲು ಅವುಗಳನ್ನ ಓಡಿಸೋಕೆ ಆಗೋದು ನನಗೆ ಬೇಕಿರಲಿಲ್ಲ. ಮತ್ತೆ... ಬೆಳಗ್ಗೆ ನೀವು ಕಾರ್ಖಾನೆಗೆ ಹೋದ್ಮೇಲೆ ಈ ಮನೇಲಿ ನನ್ನ ಜೊತೆ ಮಾತಾಡೋರು ಯಾರಿದ್ದಾರೆ? ಇವು ಸಾಲಾಗಿ ಬಂದು ಕೂತು ಕೊಕ್ಕೊಕ್ ಅಂತ ಉತ್ತರ ಆದ್ರೂ ಕೊಡ್ತಾವೆ."

ಮರದ ಗೆರೆ ಯಾವ ಕಡೆಗೆ ಹೋಗುತ್ತದೆಂದು ಬೆರಳಲ್ಲಿ ಮುಟ್ಟಿ ಹೇಳಬಲ್ಲ ತನಗೆ ಇದು ಕಾಣಲಿಲ್ಲವಲ್ಲ ಎಂದು ಮೇಸ್ತ್ರಿಗೆ ನಾಚಿಕೆಯಾಯಿತು. ಹೆಂಡತಿಯ ಮೇಲೆ ಮದುವೆಯ ವರ್ಷದಷ್ಟೇ ಪ್ರೀತಿಯೂ ಬಂತು.

"ಪಂಜರ?" ಎಂದ ಮೆಲ್ಲಗೆ.

"ಅದನ್ನ ವಾಪಸ್ ಕಾರಲ್ಲಿ ಇಡಿ" ಎಂದಳು ಹೆಂಡತಿ. "ಕಳಿಸೋ ಯೋಚನೆ ಎಂದೋ ಬಿಟ್ಟೆ. ಇವತ್ತು ಅಕ್ಕನಿಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಅವಳಿಗೆ ಮರದ ಮೊಟ್ಟೆ ತೋರಿಸಿಬಿಟ್ರಿ. ಎಲ್ಲೀವರೆಗೆ ಹೋಗುತ್ತೆ ನೋಡೋಣ ಅನ್ನಿಸ್ತು."

"ಕಾವಿಗೆ ಕೂತಿರೋಳನ್ನ ಯಾರಾದ್ರೂ ಪಂಜರಕ್ಕೆ ಹಾಕ್ತಾರಾ?" ಎಂದು ಅಕ್ಕ ಕಣ್ಣೊರೆಸಿಕೊಂಡಳು. "ಸಂಜೆ ನಮ್ಮನೆಯಿಂದ ಹುಂಜದ ಜೊತೆಗಿರೋ ಕೋಳಿಗಳ ಮೊಟ್ಟೆ ಕಳಿಸ್ತೀನಿ, ಅವಾದ್ರೆ ಮರಿ ಆಗ್ತಾವೆ, ಅವಳ ಕೆಳಗಿಡಿ. ಪಾಪ, ಮರಕ್ಕೆ ಎಷ್ಟು ದಿನ ಕಾವು ಕೊಟ್ರೂ ಅದು ಮರವೇ."

ಅಕ್ಕ ಹೋದಮೇಲೆ ಮೇಸ್ತ್ರಿ ಕಾರ್ಖಾನೆಯ ಬಾಗಿಲು ತೆರೆದ. ಬೀರುವಿನ ಗಿರಾಕಿಯ ಫೋನು ಎತ್ತಲಿಲ್ಲ. ಉಳಿದಿದ್ದ ತೇಗದ ಹಲಗೆಯಲ್ಲಿ ಅವನು ಅಡುಗೆಮನೆಯ ಕಪಾಟಿಗೆ ಬಾಗಿಲು ಮಾಡಿದ. ಇದಕ್ಕೆ ಬಳ್ಳಿಯ ಕೆತ್ತನೆ ಹಾಕಲಿಲ್ಲ, ಹಿತ್ತಾಳೆಯ ಹಿಡಿಯೂ ಇಲ್ಲ; ಹೆಂಡತಿಯ ಕೈಗೆ ಸರಿಯಾಗಿ ಕೂರುವಂಥ ಒಂದು ಮರದ ಹಿಡಿಯನ್ನು ಕಡೆದ, ಅವಳ ಬೆರಳುಗಳನ್ನು ನೆನಪಿನಿಂದಲೇ ಅಳೆದುಕೊಂಡು. ಇನ್‌ಸ್ಪೆಕ್ಟರ್ ಹೊಟ್ಟಿನ ಗುಡ್ಡೆಯ ಮೇಲೆ ನಿಂತು ಎಲ್ಲವನ್ನೂ ನೋಡಿತು. ಅಷ್ಟು ಒಳ್ಳೆಯ ಬಾಗಿಲನ್ನು ಮೇಸ್ತ್ರಿ ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ.

ಮರುದಿನ ಸಂಜೆ ಹೆಂಡತಿ ಅಂಗಡಿಯಿಂದ ಬಂದಾಗ ಅವನು ಬಾಗಿಲನ್ನು ಹೆಗಲ ಮೇಲೆ, ಮೊಳೆಗಳನ್ನು ತುಟಿಯಲ್ಲಿ, ಸುತ್ತಿಗೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೆ ಮೆರವಣಿಗೆ ಬಂದ. ಅವಳು ಬಾಗಿಲನ್ನು ನೋಡಿದಳು. ಹಿಡಿಯನ್ನು ಮುಟ್ಟಿದಳು, ಅದು ಕೈಯಲ್ಲಿ ಕೂತ ರೀತಿಗೆ ಅವಳ ಕಣ್ಣು ತೇವವಾಯಿತು. ಮೇಸ್ತ್ರಿ ಸುತ್ತಿಗೆ ಎತ್ತಿದ.

"ಶ್! ಏನ್ರೀ ಮಾಡ್ತಿದ್ದೀರಿ?"

"ಬಾಗಿಲು ಹಾಕ್ತಿದ್ದೀನಿ ಕಣೇ!"

"ತಲೆ ಕೆಟ್ಟಿದೆಯಾ? ಒಳಗೆ ದೊಡ್ಡಮ್ಮ ಕಾವಿಗೆ ಕೂತಿದ್ದಾಳೆ. ನಿನ್ನೆ ತಾನೇ ಅಕ್ಕನ ಮೊಟ್ಟೆ ಇಟ್ಟಿದ್ದೀವಿ. ಸುತ್ತಿಗೆ ಸದ್ದಿಗೆ ಎದ್ದುಬಿಟ್ರೆ? ಮರಿ ಆಗೋವರೆಗೂ ಇಲ್ಲಿ ಒಂದು ಮೊಳೆ ಹೊಡೆಯೋ ಹಾಗಿಲ್ಲ. ಗೋಡೆಗೆ ಒರಗಿಸಿಡಿ."

ಹೀಗೆ ಬಾಗಿಲು ಗೋಡೆಗೆ ಒರಗಿತು. ಹಿತ್ತಿಲಿನ ಅರಮನೆಯನ್ನು ತೊಳೆದು, ಕಾಲು ಕತ್ತರಿಸಿ, ಅಡುಗೆಮನೆಗೆ ತಂದದ್ದಾಯಿತು. ಕಪಾಟಿನಿಂದ ನಿರ್ವಸಿತವಾದ ಪಾತ್ರೆಗಳು ಈಗ ಅದರ ನಾಲ್ಕು ಕೋಣೆಗಳಲ್ಲಿ ವಾಸವಾಗಿವೆ. ಮೇಸ್ತ್ರಿ ಟೀ ಬೇಕಾದರೂ ಪಿಸುಮಾತಿನಲ್ಲಿ ಕೇಳುತ್ತಾನೆ.

ಅದೇ ವಾರ ಬೀರುವಿನ ಗಿರಾಕಿ ಮೇಸ್ತ್ರಿಯನ್ನು ಹುಡುಕಿಕೊಂಡು ಮನೆಯೊಳಗೇ ಬಂದುಬಿಟ್ಟರು. ಅಡುಗೆಮನೆಯಲ್ಲಿ ಇಣುಕಿದವರು ಪರದೆ ಕಟ್ಟಿದ ಕಪಾಟನ್ನೂ ಗೋಡೆಗೆ ಒರಗಿದ್ದ ಬಾಗಿಲನ್ನೂ ನೋಡಿ, "ಏನ್ ಮೇಸ್ತ್ರಿ! ಊರಿಗೆಲ್ಲ ಬಾಗಿಲು ಮಾಡೋ ನೀವು ನಿಮ್ಮನೇಲೇ ಹಾಕಿಲ್ವಲ್ರೀ!" ಎಂದರು ಗಟ್ಟಿಯಾಗಿ.

ಪರದೆಯ ಹಿಂದಿನಿಂದ ದೊಡ್ಡಮ್ಮ ಗುರ್ರೆಂದಿತು. ಮೇಸ್ತ್ರಿ ಬಾಯಿ ತೆರೆದ. ಈ ಸಲ ತನ್ನ ತಪ್ಪು ಎಳ್ಳಷ್ಟೂ ಇಲ್ಲವೆಂದು ಹೇಳಬೇಕೆನ್ನುವಷ್ಟರಲ್ಲಿ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು, ಗಿರಾಕಿಯ ಕಡೆಗೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದಳು:

"ಎಲ್ಲ ಆಗಿದೆ. ಫಿನಿಶಿಂಗ್ ಒಂದು ಬಾಕಿ."